ಬಾಲದ ಮೇಲೆ ಕೂತ ವಿಮಾನ

ನನ್ನ ಕೈಗೆ ಸಿಕ್ಕ ಯಾವ ವಸ್ತುವೂ ಮೊದಲಿನಂತೆ ಉಳಿಯುವುದಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳು ಅದನ್ನು ಬೈಗುಳವಾಗಿ ಹೇಳುತ್ತಾಳೆ, ನಾನು ಬಿರುದಾಗಿ ಸ್ವೀಕರಿಸುತ್ತೇನೆ. ಆ ಭಾನುವಾರವೂ ಅಷ್ಟೇ. ಊಟದ ಮೇಜಿನ ತುಂಬ ಪ್ಲಾಸ್ಟಿಕ್ ವಿಮಾನದ ಬಿಡಿಭಾಗಗಳನ್ನು ಹರಡಿಕೊಂಡು, ಗಂಟಲು ಸರಿಮಾಡಿಕೊಂಡು ಘೋಷಿಸಿದೆ:

"ನಿಮ್ಮಮ್ಮ ಬರೋ ಹೊತ್ತಿಗೆ ಇದು ಅವರ ವಿಮಾನ ಆಗಿರುತ್ತೆ! ನೋಡಿದ ತಕ್ಷಣ, ನಾನಿನ್ನು ಇಲ್ಲೇ ಇದ್ದುಬಿಡ್ತೀನಿ ಅನ್ನಬೇಕು!"

"ಮೊದಲು ಮೇಜು ಮೇಜಾಗಿ ಉಳಿಯುತ್ತಾ ನೋಡಿ," ಎಂದಳು.

ಅವಳ ದನಿಯಲ್ಲಿ ತಮಾಷೆಗಿಂತ ದಣಿವು ಹೆಚ್ಚಿತ್ತು. ಅತ್ತೆ ನಮ್ಮಲ್ಲೇ ಉಳಿಯಬೇಕು ಎನ್ನುವುದು ಅವಳ ಎಷ್ಟೋ ದಿನದ ಆಸೆ. ಅವರದು ಲಿಫ್ಟಿಲ್ಲದ ಮೂರನೇ ಮಹಡಿಯ ಬಾಡಿಗೆ ಮನೆ, ಒಂಟಿ ಜೀವ, ಹೇಳಿದ ಮಾತು ಕೇಳದ ಮಂಡಿ. ಈಚೆಗೆ ಮೆಟ್ಟಿಲಲ್ಲಿ ಜಾರಿ ಬಿದ್ದಿದ್ದರು. ಅದನ್ನೂ ನಮಗೆ ತಿಳಿಸಿದ್ದು ಕೆಳಮನೆಯವರು. ಎಷ್ಟು ಕರೆದರೂ ಒಂದೇ ಉತ್ತರ: "ಅಲ್ಲಿಗೆ ಬಂದು ನಾನೇನು ಮಾಡ್ಲಿ? ಮೂಲೇಲಿ ಕೂತು ತಿನ್ನೋಕೆ ನನ್ನಿಂದಾಗಲ್ಲ." ಅಂತೂ ಇಂತೂ ನಾಲ್ಕು ದಿನದ ಮಟ್ಟಿಗೆ ಬರಲು ಒಪ್ಪಿದ್ದರು.

ನಮ್ಮತ್ತೆ ಸಾಮಾನ್ಯ ಅತ್ತೆಯಲ್ಲ! ಕೆಲಸದಲ್ಲಿದ್ದಷ್ಟು ಕಾಲವೂ ಸರಕು ವಿಮಾನಗಳಿಗೆ ಸಾಮಾನು ಹೇರಿಸುವ ಅಧಿಕಾರಿ. ಯಾವ ಪೆಟ್ಟಿಗೆ ಮುಂದೆ, ಯಾವುದು ಹಿಂದೆ ಎಂದು ಅವರು ಬೆರಳು ತೋರಿಸದೆ ಪೈಲಟ್ಟು ಎಂಜಿನ್ನು ಮುಟ್ಟುತ್ತಿರಲಿಲ್ಲ. ಆದರೆ ಅಂಗಡಿಯಲ್ಲಿ ನನಗೆ ಸಿಕ್ಕಿದ್ದು ಅದೇ ವಿಮಾನದ ಪ್ರಯಾಣಿಕರ ಅವತಾರ. ಅದನ್ನು ಸರಕಿನ ಅವತಾರಕ್ಕೆ ತರಲು ಬೇರೆ ಯಾರೋ ಮಾಡಿ ಮಾರುವ ಮಾರ್ಪಾಟಿನ ಕಿಟ್ಟನ್ನು ಪ್ರತ್ಯೇಕವಾಗಿ ತರಿಸಬೇಕಾಯಿತು. ಪುಟ್ಟ ಚೀಲದಲ್ಲಿ ಬೂದುಬಣ್ಣದ, ಕಲ್ಲಿನಂತೆ ಭಾರವಾದ ರೆಸಿನ್ ತುಂಡುಗಳು: ವಿಮಾನದ ಹೊಸ ಹಿಂಭಾಗ, ಒಂದು ಅಗಲವಾದ ಬಾಗಿಲು. ಜೊತೆಗೊಂದು ಹಾಳೆ. ಹಾಳೆಯಲ್ಲಿ ವಿಮಾನದ ಸೊಂಟಕ್ಕೆ ಚುಕ್ಕಿಗೆರೆ, ಗೆರೆಯ ಪಕ್ಕದಲ್ಲಿ ಗರಗಸ!

"ದುಡ್ಡು ಕೊಟ್ಟು ತಂದ ಹೊಸ ವಿಮಾನ ಕುಯ್ಯೋಕೆ ಮತ್ತೆ ದುಡ್ಡು ಕೊಟ್ರಾ?"

"ಇದಕ್ಕೆ ಕಲೆ ಅಂತಾರೆ."

"ನಿಮ್ಮ ಹೊಸ ಪ್ಯಾಂಟನ್ನ ಟೈಲರ್ ಹೀಗೇ ಕುಯ್ದಾಗ ಬೀದಿಗೆಲ್ಲ ಕೇಳೋ ಹಾಗೆ ಜಗಳ ಆಡಿದ್ರಿ."

ಕಲಾವಿದ ಇಂಥ ಮಾತುಗಳಿಗೆ ಕಿವಿಗೊಡಬಾರದು. ಕುಯ್ದೆ. ಕುಯ್ದ ಮೇಲೆ ನೋಡಿದರೆ ಹೊಸ ಹಿಂಭಾಗ ಕೂದಲೆಳೆಯಷ್ಟು ದಪ್ಪ! ಉಜ್ಜಿದೆ. ಈಗ ಕೂದಲೆಳೆಯಷ್ಟು ಸಣ್ಣ! ಮೆತ್ತಿದೆ. ಮೆತ್ತಿದ್ದು ಉಬ್ಬಿತು, ಮತ್ತೆ ಉಜ್ಜಿದೆ. ಹೆಂಡತಿಯ ಉಗುರು ಉಜ್ಜುವ ಅರ ಸವೆದು ನುಣ್ಣಗಾಯಿತು. ಪರದೆ, ಕುರ್ಚಿ, ಅನ್ನದ ಪಾತ್ರೆಯ ಮುಚ್ಚಳ ಎಲ್ಲದರ ಮೇಲೂ ಬೂದುಪುಡಿ ಕೂತಿತು. ಹಾಳೆಯಲ್ಲಿ ಇನ್ನೊಂದು ಸೂಚನೆಯೂ ಇತ್ತು: ಮುಚ್ಚುವ ಮೊದಲು ಮೂಗಿನೊಳಗೆ ತೂಕ ತುಂಬಿ. ಓದಿ ನಕ್ಕುಬಿಟ್ಟೆ. ಹಾರುವ ವಸ್ತುವಿಗೆ ಭಾರವೇ? ಪಾಪ, ಹಗುರವಾಗಿರಲಿ ಎಂದು ಮೂಗನ್ನು ಗಟ್ಟಿಯಾಗಿ ಅಂಟಿಸಿಬಿಟ್ಟೆ.

ರೆಕ್ಕೆ ಅಂಟಿಸುವಾಗ ಕರೆಗಂಟೆ ಸದ್ದು ಮಾಡಿತು. ಎದ್ದೆ. ರೆಕ್ಕೆಯೂ ನನ್ನ ಜೊತೆಯಲ್ಲೇ ಎದ್ದಿತು! ಅದು ವಿಮಾನಕ್ಕಲ್ಲ, ನನ್ನ ಬೆರಳಿಗೆ ಅಂಟಿತ್ತು. ಹಾಗೇ ಬಾಗಿಲು ತೆಗೆದೆ. ಅತ್ತೆ, ಕೈಯಲ್ಲಿ ಸಣ್ಣ ಬ್ಯಾಗು.

"ಅಳಿಯಂದಿರೇ, ಇದೇನು ಕೈಗೆ?"

"ಬಲರೆಕ್ಕೆ, ಅತ್ತೆ."

ಕನ್ನಡಕ ಏರಿಸಿ ನೋಡಿದರು. "ಇದು ಎಡದ್ದು."

ಬಿಸಿನೀರು, ಸೋಪು, ಹೆಂಡತಿಯ ಉಪದೇಶ ಇವುಗಳಿಂದ ಬೆರಳು ಬಿಡುಗಡೆಯಾಯಿತು. ಬಣ್ಣ ಒಣಗಿದ ಮೇಲೆ, ಮರುದಿನ ಸಂಜೆ, ವಿಮಾನಕ್ಕೆ ಟವೆಲ್ ಹೊದಿಸಿ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿದೆ. ಟವೆಲ್ ಎಳೆದೆ. ಆಹಾ! ಒಂದು ಕ್ಷಣ ಅತ್ತೆಯ ಮುಖ ಅರಳಿದ್ದು ನಿಜ. ಆದರೆ ಅಷ್ಟು ಹೊತ್ತೂ ಅದರ ಮೂಗನ್ನು ನನ್ನ ಬೆರಳು ಒತ್ತಿ ಹಿಡಿದಿತ್ತು. ಬೆರಳು ತೆಗೆದೆ. ವಿಮಾನ ಮೂಗೆತ್ತಿ, ಬಾಲ ಊರಿ, ಧೊಪ್ಪನೆ ಕೂತುಬಿಟ್ಟಿತು!

ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ವಿಮಾನ ಬಾಲದ ಮೇಲೆ ಕೂರದಂತೆ ನೋಡಿಕೊಳ್ಳುವುದೇ ಜೀವನದ ಕೆಲಸವಾಗಿದ್ದ ಹೆಂಗಸಿನ ಮುಂದೆ ಹೀಗಾಗಬೇಕೇ?

ಅತ್ತೆ ನಗಲಿಲ್ಲ. ಬಾಗಿಲಿನ ಅಂಚಿನ ಮೇಲೆ ಮೆಲ್ಲಗೆ ಬೆರಳಾಡಿಸಿದರು. "ಇಲ್ಲೇ ನಿಂತ್ಕೋತಿದ್ದೆ ನಾನು," ಎಂದರು. "ಗಾಳಿ ಮುಖಕ್ಕೆ ಹೊಡೀತಿತ್ತು. ನಾನು ಹೂಂ ಅಂದ್ರೆ ಮಾತ್ರ ಬಾಗಿಲು ಮುಚ್ಚೋರು." ಯಾರೂ ತಮ್ಮ ಹೂಂಗಾಗಿ ಕಾಯದ ಮನೆಯಲ್ಲಿ ಅವರು ಅಷ್ಟು ವರ್ಷ ಒಬ್ಬರೇ ಇದ್ದರಲ್ಲ ಎಂದು ನನಗೆ ಆಗ ಹೊಳೆಯಿತು, ಸಂಕಟವಾಯಿತು.

ಆಮೇಲೆ ಅವರ ದನಿ ಬದಲಾಯಿತು. "ಇದಕ್ಕೆ ತೂಕ ಹಂಚಿದ್ದು ಯಾರು?"

"ನಾನೇ."

"ನಿಮ್ಮನ್ನ ಕೆಲಸದಿಂದ ತೆಗೀಬೇಕು. ಬ್ಲೇಡು ತನ್ನಿ!"

ಮೂಗನ್ನು ಅಂಟಿನ ಗೆರೆಯಲ್ಲೇ ಬಿಡಿಸಿದರು. ಗಾಳ ಮಾರುವ ಅಂಗಡಿಯಿಂದ ನಾನು ಸೀಸದ ಗುಂಡು ತಂದೆ. ತುಂಬಿದರು. ನಿಂತಿತು! ಮೂವರೂ ಚಪ್ಪಾಳೆ ತಟ್ಟಿದೆವು. "ಮೂಗನ್ನ ಈಗಲೇ ಅಂಟಿಸಬೇಡಿ. ಸುಮ್ನೆ ಸಿಕ್ಕಿಸಿರಿ, ಒಂದೆರಡು ದಿನ ನೋಡೋಣ. ನನ್ನ ಬಿಟ್ಟು ಯಾರೂ ಬಿಚ್ಚಕೂಡದು," ಎಂದು ಅಪ್ಪಣೆಯಾಯಿತು.

ಬೆಳಿಗ್ಗೆ ಎದ್ದು ನೋಡಿದರೆ ಮತ್ತೆ ಬಾಲದ ಮೇಲೆ!

"ತೂಕ ಸಾಲದು," ಎಂದರು ಅತ್ತೆ. "ನಿಮ್ಮ ಹಿಂಭಾಗ ಭಾರೀ ಭಾರ. ಇನ್ನಷ್ಟು ಗುಂಡು ತನ್ನಿ."

ತಂದೆ. ನಿಂತಿತು. ಒಂದೆರಡು ದಿನಕ್ಕೆ ಮತ್ತೆ ಕೂತಿತು. ಮತ್ತೆ ತಂದೆ. ಊರಿಗೆ ಹೊರಡುವ ದಿನ ಬಂತು. "ಇದನ್ನ ಹೀಗೆ ಬಿಟ್ಟು ಹೋಗೋದು ಹೇಗೆ? ಜವಾಬ್ದಾರಿ ಅಂತ ಒಂದಿದೆ," ಎಂದು ಅತ್ತೆ ಟಿಕೆಟ್ ರದ್ದು ಮಾಡಿಸಿದರು. ಬಿಡುವಿನಲ್ಲಿ ನಮ್ಮ ಬೀರುವಿನಲ್ಲಿ ಭಾರದ್ದೆಲ್ಲ ಕೆಳಗೆ, ಹಗುರದ್ದೆಲ್ಲ ಮೇಲೆ ಹೋಯಿತು. ಫ್ರಿಜ್ಜಿಗೂ ಅದೇ ಗತಿ. ಗಾಳದ ಅಂಗಡಿಯವನು, "ಎಷ್ಟು ಮೀನು ಹಿಡಿದ್ರಿ ಸಾರ್?" ಎಂದು ಕೇಳತೊಡಗಿದ. ಅಷ್ಟು ಸೀಸ ನುಂಗಿದರೂ ಆ ಮೂಗು ಬಾಗಲೊಲ್ಲದು!

ಕೊನೆಗೊಂದು ಬೆಳಿಗ್ಗೆ ತಲೆ ಮೇಲೆ ಕೈಹೊತ್ತು ಕೂತೆ. "ನನ್ನ ಕೈಯಲ್ಲಿ ಒಂದು ವಿಮಾನ ನೆಟ್ಟಗೆ ನಿಲ್ಲಿಸೋಕೂ ಆಗಲ್ವಲ್ಲೇ!"

ಅತ್ತೆ ಸ್ನಾನಕ್ಕೆ ಹೋಗಿದ್ದರು. ಹೆಂಡತಿ ಸದ್ದಿಲ್ಲದೆ ಒಳಗೆ ಹೋಗಿ, ಅವರ ಕನ್ನಡಕದ ಡಬ್ಬಿ ತಂದು ನನ್ನ ಅಂಗೈಯಲ್ಲಿ ಇಟ್ಟಳು. ಕೈ ಜಗ್ಗಿತು. ತೆರೆದೆ. ಕರವಸ್ತ್ರದಲ್ಲಿ ಅಚ್ಚುಕಟ್ಟಾಗಿ ಸುತ್ತಿದ, ನಾನು ತಂದ ಅಷ್ಟೂ ಸೀಸದ ಗುಂಡು!

"ನಿನಗೆ ಯಾವಾಗ ಗೊತ್ತಾಯ್ತು?"

"ಎರಡನೇ ಸಲ ಕೂತಾಗಲೇ. ನಿಮಗೆ ಗೊತ್ತಾಗದೆ ಇರೋದು ನನ್ನ ಪುಣ್ಯ ಅಂತ ಬಾಯಿ ಮುಚ್ಕೊಂಡಿದ್ದೆ." ಅವಳು ನಗುತ್ತಿದ್ದಳು, ಕಣ್ಣು ತುಂಬಿತ್ತು.

ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬಂದೆ. ಬಚ್ಚಲಿನ ಬಾಗಿಲು ತೆರೆದ ಸದ್ದಾಯಿತು. ಕಲಾವಿದನ ಮಾನ ಹೋದರೆ ಹೋಗಲಿ ಎಂದು ಗಂಟಲೆತ್ತಿ ಕೂಗಿದೆ: "ಅತ್ತೆ, ಮತ್ತೆ ಕೂತುಬಿಟ್ಟಿದೆ! ತೂಕ ಸಾಲದು! ಇನ್ನಷ್ಟು ಗುಂಡು ತರ್ಲಾ?"

ಅತ್ತೆ ತಲೆ ಒರೆಸಿಕೊಳ್ಳುತ್ತ ಬಂದು ವಿಮಾನವನ್ನು ನೋಡಿದರು, ನನ್ನನ್ನು ನೋಡಿದರು, ನಿಟ್ಟುಸಿರು ಬಿಟ್ಟರು.

"ತನ್ನಿ. ನಿಮ್ಮ ಕೈಚಳಕ ನೋಡಿದ್ರೆ ಇದು ಸದ್ಯಕ್ಕೆ ಮುಗಿಯೋ ಕೆಲಸ ಅಲ್ಲ. ಹಾಗೇ ನಮ್ಮ ಮನೆ ಮಾಲೀಕರಿಗೆ ಒಂದು ಫೋನ್ ಮಾಡಿ, ನಾನು ಬಾಡಿಗೆ ಮನೆ ಬಿಡ್ತೀನಿ ಅಂತ ಹೇಳಿಬಿಡಿ."