ಹಜಾರದಲ್ಲಿ ಹಿಡಿದು ನಿಲ್ಲುವ ವಸ್ತುಗಳ ಕುರಿತು

ಹಜಾರ ಸುರಕ್ಷತಾ ಶಾಖೆ
(ಕಾರ್ಯಸ್ಥಾನ: ಊಟದ ಮೇಜಿನ ಕಿಟಕಿ ಕಡೆಯ ತುದಿ)

ಕ್ರಮಾಂಕ: ಹ.ಸು.ಶಾ./ಅಂಬೆಗಾಲು/07
ದಿನಾಂಕ: ಗುರುವಾರ, ಪುಟ್ಟಿಯ ಬೆಳಗಿನ ನಿದ್ದೆಯ ಅವಧಿ

ಸುತ್ತೋಲೆ

ವಿಷಯ: ಹತ್ತು ತಿಂಗಳ ಪುಟ್ಟಿಯು ನೆಲಮಟ್ಟದಲ್ಲಿ ಸಂಚಾರ ಆರಂಭಿಸಿರುವ ಹಿನ್ನೆಲೆಯಲ್ಲಿ ಮನೆಯ ಹಜಾರವನ್ನು ಸುರಕ್ಷಿತಗೊಳಿಸುವ ಬಗ್ಗೆ.

ಉಲ್ಲೇಖ:
1) ಕಳೆದ ಭಾನುವಾರ ಪುಟ್ಟಿಯ ಬಾಯಿಂದ ಹೊರತೆಗೆಯಲಾದ ಅಂಗಿಯ ಗುಂಡಿ, ಸಂಖ್ಯೆ ಒಂದು.
2) ಅದೇ ದಿನ ಪುಟ್ಟಿಯ ತಾಯಿ ನೀಡಿದ ಮೌಖಿಕ ಎಚ್ಚರಿಕೆ: “ಅಪ್ಪಾ, ಮುಂದಿನ ಸೋಮವಾರದಿಂದ ನಾನು ಕೆಲಸಕ್ಕೆ ಹೋಗ್ಬೇಕು. ಅಷ್ಟರಲ್ಲಿ ಈ ಹಾಲ್ ಸರಿಹೋಗ್ಲಿಲ್ಲ ಅಂದ್ರೆ ಇವಳನ್ನ ಡೇಕೇರಿಗೆ ಬಿಡ್ತೀನಿ, ಅಷ್ಟೇ.”
3) ಅಜ್ಜಿಯ ಅಭಿಪ್ರಾಯ (ಕೋರದೆಯೇ ಸ್ವೀಕೃತವಾಗಿದೆ).

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನಿವೃತ್ತ ಹೆಡ್ ಗುಮಾಸ್ತರೂ ಪುಟ್ಟಿಯ ಅಜ್ಜನೂ ಆದ ಶಾಖಾಧಿಕಾರಿಗೆ ಸೋಮವಾರದಿಂದ ಹಗಲು ಹೊತ್ತಿನಲ್ಲಿ ಪುಟ್ಟಿಯ ಪೂರ್ಣ ಪ್ರಭಾರ ವಹಿಸುವ ಪ್ರಸ್ತಾವನೆ ಪರಿಶೀಲನೆಯಲ್ಲಿರುತ್ತದೆ. ಶನಿವಾರ ಸಂಜೆ ಪುಟ್ಟಿಯ ತಾಯಿ ಖುದ್ದು ತಪಾಸಣೆ ನಡೆಸಿ, ಅಜ್ಜನೋ ಡೇಕೇರೋ ಎಂಬುದನ್ನು ತೀರ್ಮಾನಿಸಲಿದ್ದಾರೆ. ಆದ್ದರಿಂದ ಕೆಳಕಂಡ ಕ್ರಮಗಳನ್ನು ಮನೆಯ ಸಮಸ್ತ ಸಿಬ್ಬಂದಿ ಚಾಚೂತಪ್ಪದೆ ಪಾಲಿಸತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ.

1. ಟೀಪಾಯಿಯ ನಾಲ್ಕು ಮೂಲೆಗಳು ಮೊನಚಾಗಿರುವುದು ಕಂಡುಬಂದಿದ್ದು, ಅವುಗಳಿಗೆ ದಪ್ಪ ಕಾಲುಚೀಲ ತೊಡಿಸಲಾಗಿದೆ. ಮಂಗಳವಾರ ಬೆಳಗ್ಗೆ ಅಳಿಯನವರು ಅವಸರದಲ್ಲಿ ಎರಡು ಮೂಲೆಗಳ ಕಾಲುಚೀಲ ಬಿಚ್ಚಿ ಹಾಕಿಕೊಂಡು ಕಚೇರಿಗೆ ಹೋಗಿರುತ್ತಾರೆ. ಅವು ಮೂಲತಃ ತಮ್ಮವೇ ಎಂಬ ಅವರ ವಾದವನ್ನು ತಳ್ಳಿಹಾಕಲಾಗಿದೆ. ಟೀಪಾಯಿಗೆ ತೊಡಿಸಿದ ಕಾಲುಚೀಲ ಟೀಪಾಯಿಯ ಸ್ವತ್ತು.

2. ಅಪಾಯಗಳು ಪುಟ್ಟಿಯ ಕಣ್ಣಿಗೆ ಹೇಗೆ ಕಾಣುತ್ತವೆಯೋ ಹಾಗೆಯೇ ದೊಡ್ಡವರಿಗೂ ಕಾಣಬೇಕಾಗಿರುವುದರಿಂದ, ಪ್ರತಿಯೊಬ್ಬರೂ ದಿನಕ್ಕೊಮ್ಮೆ ಹಜಾರದ ಉದ್ದಕ್ಕೂ ಅಂಬೆಗಾಲಿಡತಕ್ಕದ್ದು. ಪ್ರಾಯೋಗಿಕವಾಗಿ ಶಾಖಾಧಿಕಾರಿಯೇ ಮೊದಲು ಹೊರಟು ಊಟದ ಮೇಜಿನ ಅಡಿಯವರೆಗೆ ತಲುಪಿದ್ದು, ಅಲ್ಲಿ ಸೊಂಟ ಹಿಡಿದುಕೊಂಡ ಪ್ರಯುಕ್ತ ಸ್ಥಳ ಪರಿಶೀಲನೆಯನ್ನು ನಲವತ್ತು ನಿಮಿಷ ವಿಸ್ತರಿಸಲಾಯಿತು. ಈ ಅವಧಿಯಲ್ಲಿ ಪುಟ್ಟಿಯು ಮೂರು ಬಾರಿ ಬಂದು ವಿಚಾರಿಸಿಕೊಂಡು ಹೋಗಿರುತ್ತಾಳೆ. ಅಜ್ಜಿಯ “ಒಂದು ಕೂಸನ್ನ ಸಂಭಾಳಿಸೋದೇ ಸಾಕಾಗಿದೆ, ಇದೊಂದು ಬೇರೆ ಸೇರ್ಕೊಂಡ್ತು” ಎಂಬ ಹೇಳಿಕೆಯನ್ನು ಕಡತದಲ್ಲಿ ಸೇರಿಸಿಲ್ಲ.

3. ಔಷಧಿ ಅಳೆಯುವ ಮುಚ್ಚಳದಲ್ಲಿ ಹಿಡಿಸುವ ಯಾವುದೇ ವಸ್ತು ಪುಟ್ಟಿಯ ಬಾಯಲ್ಲೂ ಹಿಡಿಸುತ್ತದೆಂದು ಭಾವಿಸತಕ್ಕದ್ದು. ಮುಚ್ಚಳವನ್ನು ಅಳತೆಗಾಗಿ ಹಜಾರದಲ್ಲಿ ಇಡಲಾಗಿತ್ತು. ಅದನ್ನೂ ಪುಟ್ಟಿಯ ಬಾಯಿಂದಲೇ ವಾಪಸು ಪಡೆಯಲಾಗಿದೆ.

4. ಗುಂಡಿ ಪ್ರಕರಣದಲ್ಲಿ, ಸದರಿ ಗುಂಡಿ ಅಳಿಯನವರದ್ದಿರಬಹುದೆಂದು ಶಾಖೆಯು ಮೇಲ್ನೋಟಕ್ಕೆ ಅಭಿಪ್ರಾಯಪಟ್ಟು ಅವರಿಗೆ ಕಾರಣ ಕೇಳುವ ನೋಟಿಸು ನೀಡಿದೆ. ಅವರು ತಮ್ಮ ಒಂಬತ್ತು ಅಂಗಿಗಳನ್ನೂ ಹಾಸಿಗೆಯ ಮೇಲೆ ಹರಡಿ, ಎಲ್ಲ ಗುಂಡಿಗಳನ್ನೂ ಎಣಿಸಿ ತೋರಿಸಿರುತ್ತಾರೆ. ಲೆಕ್ಕ ಸರಿಯಿದೆ. ವಿಚಾರಣೆ ಮುಂದುವರಿದಿದೆ.

5. ಗೋಡೆಯ ಕಪಾಟಿನ ಬಾಗಿಲುಗಳಿಗೆ ಮಕ್ಕಳು ತೆರೆಯಲಾಗದ ಚಿಲಕಗಳನ್ನು ಅಳವಡಿಸಲಾಗಿದೆ. ಇವುಗಳನ್ನು ಶಾಖಾಧಿಕಾರಿಯಾಗಲೀ, ಅಜ್ಜಿಯಾಗಲೀ, ಅಂಗಡಿಯಿಂದ ಕರೆಸಲಾದ ಬಡಗಿಯಾಗಲೀ ತೆರೆಯಲು ಶಕ್ತರಾಗಿಲ್ಲ. ಪುಟ್ಟಿ ಒಬ್ಬಳೇ ಶಕ್ತಳಾಗಿರುತ್ತಾಳೆ. ಟೀವಿ ರಿಮೋಟು, ಅಜ್ಜಿಯ ಕನ್ನಡಕ ಮತ್ತು ಸದರಿ ಚಿಲಕಗಳ ಬಳಕೆಯ ಕೈಪಿಡಿ ಕಪಾಟಿನ ಒಳಗೇ ಇರುವುದರಿಂದ, ಬೇಕಾದವರು ಪುಟ್ಟಿಗೆ ಮನವಿ ಸಲ್ಲಿಸತಕ್ಕದ್ದು. ಮನವಿಯು ಬಿಸ್ಕತ್ತಿನ ರೂಪದಲ್ಲಿರತಕ್ಕದ್ದು.

6. ಹಜಾರದಲ್ಲಿ ಬಿಸಿ ಪಾನೀಯಗಳನ್ನು ನಿಷೇಧಿಸಲಾಗಿದೆ. ಅಡುಗೆಮನೆಯ ಬಾಗಿಲಿಗೆ ಮೊಣಕಾಲೆತ್ತರದ ಹಲಗೆ ಅಡ್ಡ ಇಟ್ಟಿದ್ದು, ಕಾಫಿ ಬೇಕಾದವರು ಹಲಗೆಯ ಆಚೆಗೆ ದಾಟಿ, ಕುಡಿದು, ಬಾಯಿ ಒರೆಸಿಕೊಂಡು ಈಚೆಗೆ ದಾಟತಕ್ಕದ್ದು. ಶಾಖಾಧಿಕಾರಿಯ ಸೊಂಟದ ಪರಿಸ್ಥಿತಿಯನ್ನು ಪರಿಗಣಿಸಿ ಅವರಿಗೆ ವಿನಾಯಿತಿ ಕೋರಲಾಗಿತ್ತು. “ಕುಡಿಯೋದನ್ನೇ ಬಿಟ್ಬಿಡಿ” ಎಂದು ಅಜ್ಜಿ ಆದೇಶಿಸಿರುತ್ತಾರೆ.

7. ಇಷ್ಟಾದರೂ ಅಪಾಯ ಸಂಪೂರ್ಣವಾಗಿ ನಿವಾರಣೆಯಾಗಿಲ್ಲವೆಂದು ಮನಗಂಡು, ಬುಧವಾರ ಬೆಳಗ್ಗೆ ಸೋಫಾ, ಟೀಪಾಯಿ, ಎರಡು ಕುರ್ಚಿ ಹಾಗೂ ಪುಸ್ತಕದ ಕಪಾಟನ್ನು ಮಲಗುವ ಕೋಣೆಗೆ ಸ್ಥಳಾಂತರಿಸಲಾಗಿದೆ. ಕೋಣೆಯ ಬಾಗಿಲು ಈಗ ಅರ್ಧ ಮಾತ್ರ ತೆರೆಯುತ್ತಿದ್ದು, ಅಳಿಯನವರು ಹೊಟ್ಟೆ ಒಳಗೆಳೆದುಕೊಂಡು ಪ್ರವೇಶಿಸಲು ಅನುಮತಿಸಿದೆ. ಪುಟ್ಟಿಯ ಕೈಗೆಟುಕದ ಊಟದ ಮೇಜನ್ನು ಹೊರತುಪಡಿಸಿ, ಹಜಾರದಲ್ಲಿ ಸದ್ಯ ಒಂದು ಚಾಪೆ, ಒಬ್ಬ ಪುಟ್ಟಿ ಮತ್ತು ಪ್ರತಿಧ್ವನಿ ಮಾತ್ರ ಉಳಿದಿರುತ್ತವೆ.

8. ಬುಧವಾರ ಮಧ್ಯಾಹ್ನ ಗಮನಕ್ಕೆ ಬಂದ ಅಂಶವೇನೆಂದರೆ: ಪುಟ್ಟಿಯು ಒಂದು ವಾರದಿಂದ ಟೀಪಾಯಿಯ ಅಂಚು ಹಿಡಿದು ಎದ್ದು ನಿಲ್ಲುವುದನ್ನು ಅಭ್ಯಾಸ ಮಾಡುತ್ತಿದ್ದಳು. ನಿದ್ದೆಯಿಂದೆದ್ದು ಬಂದವಳು ಟೀಪಾಯಿ ಇದ್ದ ಜಾಗಕ್ಕೆ ಹೋಗಿ, ಗಾಳಿಯಲ್ಲಿ ಕೈಯಾಡಿಸಿ, ಸುತ್ತಲೂ ನೋಡಿ, ಕೂತಲ್ಲೇ ಅತ್ತಿರುತ್ತಾಳೆ. ಬೀಳದಿರುವಂತೆ ಮಾಡುವ ಭರದಲ್ಲಿ ಏಳದಿರುವಂತೆ ಮಾಡಲಾಗಿದೆ. ಈ ಲೋಪಕ್ಕೆ ಶಾಖೆಯೇ ಹೊಣೆ.

9. ಆದ್ದರಿಂದ, ಹಿಡಿದು ನಿಲ್ಲುವ ವಸ್ತುವಿನ ಕೊರತೆಯನ್ನು ನೀಗಿಸಲು, ಶಾಖಾಧಿಕಾರಿಯನ್ನೇ ತಕ್ಷಣದಿಂದ ಜಾರಿಗೆ ಬರುವಂತೆ ಹಜಾರದ ನಡುವೆ, ಚಾಪೆಯ ಮೇಲೆ, ಪೀಠೋಪಕರಣವಾಗಿ ಸ್ಥಾಪಿಸಿ ಆದೇಶಿಸಿದೆ. ಸದರಿ ಪೀಠೋಪಕರಣಕ್ಕೆ ಎರಡು ಮೊಣಕಾಲು ಹಾಗೂ ಎರಡು ಭುಜಗಳಿದ್ದು, ಅಂಚುಗಳು ಸವೆದು ನುಣುಪಾಗಿವೆ. ಎಳೆಯಲು ಮೂಗು, ಜಗ್ಗಲು ಕಿವಿ ಲಭ್ಯವಿರುತ್ತವೆ. ಇದನ್ನು ಬೇರೆ ಕೋಣೆಗೆ ವರ್ಗಾಯಿಸತಕ್ಕದ್ದಲ್ಲ. ಊಟಕ್ಕೆ ಮಾತ್ರ ಸ್ವಲ್ಪ ಸರಿಸಬಹುದು.

10. ಮೇಲಿನ ಸ್ಥಾಪನೆಗೆ ಮುನ್ನ ಪೀಠೋಪಕರಣದ ಬಿಡಿಭಾಗಗಳನ್ನು ಪರಿಶೀಲಿಸಲಾಗಿ, ಬೂದು ಬಣ್ಣದ ಅಂಗಿಯ ಮೂರನೇ ಗುಂಡಿ ಇಲ್ಲದಿರುವುದು ಕಂಡುಬಂದಿದೆ. ಉಲ್ಲೇಖ ಒಂದರ ಗುಂಡಿಯೊಂದಿಗೆ ಹೋಲಿಸಲಾಗಿ ತಾಳೆಯಾಗಿದೆ.

ಅದು ನನ್ನದೇ ಗುಂಡಿ. ಶನಿವಾರವೇ ಉದುರಿತ್ತು, ಸೋಫಾದ ಅಡಿಗೆ ಉರುಳಿದ್ದೂ ಗೊತ್ತಿತ್ತು, ಆಮೇಲೆ ಬಗ್ಗಿ ತೆಗೆದರಾಯಿತು ಎಂದುಕೊಂಡೆ. ಭಾನುವಾರ, ಮಗಳೇ, ನೀನು ಅವಳ ಬಾಯಿಗೆ ಬೆರಳು ಹಾಕಿ ತೆಗೆದಾಗ ನನ್ನ ಜೀವ ಬಾಯಿಗೆ ಬಂದಿತ್ತು. ಹೇಳಿದರೆ ಮಗುವನ್ನು ನನ್ನ ಹತ್ತಿರ ಬಿಡುವುದಿಲ್ಲವೆಂಬ ಹೆದರಿಕೆಗೆ ಅಳಿಯನ ಹೆಸರು ಹೇಳಿದೆ. ಇವತ್ತು ಬೆಳಗ್ಗೆ ಅವಳು ನನ್ನ ಮೊಣಕಾಲು ಹಿಡಿದು ಎದ್ದು ನಿಂತಳು. ಅವಳ ಮುಖ ನೋಡುತ್ತ ಸುಳ್ಳು ಇಟ್ಟುಕೊಳ್ಳುವುದು ನನ್ನಿಂದ ಆಗಲಿಲ್ಲ.

ಮೇಲಿನ ಕಂಡಿಕೆಯು ನಿಗದಿತ ನಮೂನೆಯಲ್ಲಿಲ್ಲ. ತಿದ್ದುಪಡಿ ಮಾಡಲಾಗುವುದಿಲ್ಲ.

11. ಶನಿವಾರದ ತಪಾಸಣೆಯ ತೀರ್ಮಾನ ಏನೇ ಬಂದರೂ ಅದಕ್ಕೆ ಶಾಖೆಯು ಬದ್ಧವಾಗಿರುತ್ತದೆ. ಅಳಿಯನವರ ಮೇಲಿನ ನೋಟಿಸನ್ನು ವಿಷಾದದೊಂದಿಗೆ ಹಿಂಪಡೆಯಲಾಗಿದೆ.

ಸಹಿ/-
ಶಾಖಾಧಿಕಾರಿ ಹಾಗೂ ಪೀಠೋಪಕರಣ
ಹಜಾರ ಸುರಕ್ಷತಾ ಶಾಖೆ

ಪ್ರತಿಗಳು:
1) ಅಜ್ಜಿಗೆ, ಮಾಹಿತಿಗಾಗಿ. (ಕನ್ನಡಕ ಕಪಾಟಿನಲ್ಲಿರುವುದರಿಂದ ಓದಿ ಹೇಳಲಾಯಿತು. ಹತ್ತನೇ ಕಂಡಿಕೆಯ ನಂತರ, ಕೇಳದೆಯೇ ಹಲಗೆಯ ಮೇಲಿಂದ ಕಾಫಿ ಕೊಟ್ಟಿರುತ್ತಾರೆ.)
2) ಅಳಿಯನವರಿಗೆ, ನಾಲ್ಕು ಕಾಲುಚೀಲಗಳ ಸಹಿತ.
3) ಟೀಪಾಯಿಗೆ, ಮಲಗುವ ಕೋಣೆಯ ಮುಖಾಂತರ.
4) ಪುಟ್ಟಿಗೆ. (ಪ್ರತಿಯ ಬಲ ಮೂಲೆಯನ್ನು ತಿಂದು ಸ್ವೀಕೃತಿ ನೀಡಿರುತ್ತಾಳೆ.)
5) ಪುಟ್ಟಿಯ ತಾಯಿಗೆ, ಆದೇಶಕ್ಕಾಗಿ. ಈ ಪ್ರತಿಯು ಪೆನ್ಸಿಲಿನಲ್ಲಿ ಬರೆದ ಕೆಳಕಂಡ ಷರಾದೊಂದಿಗೆ ಗುರುವಾರ ಸಂಜೆಯೇ ವಾಪಸು ಬಂದಿರುತ್ತದೆ:

“ಅಪ್ಪಾ, ಟೀಪಾಯಿ ವಾಪಸ್ ಇಡ್ಸಿ. ಸೋಮವಾರ ನಾನು ಒಂಬತ್ತಕ್ಕೆ ಹೊರಡ್ತೀನಿ, ಅವಳು ನಿಮ್ಮ ಹತ್ರಾನೇ ಇರ್ಲಿ. ನಿಮ್ಮ ಅಂಗಿ ಎಲ್ಲಾ ತಂದ್ಕೊಡಿ. ಒಂದೊಂದು ಗುಂಡೀನೂ ಗಟ್ಟಿಯಾಗಿ ಹೊಲಿದಿಟ್ಟು ಹೋಗ್ತೀನಿ.”