‘ಬಂದರಿನ ಸಂಜೆ’ ಹುಟ್ಟಿದ ಕಥೆ

ಗಂಡನನ್ನು ನಂಬದಿದ್ದರೆ ಹೋಗಲಿ, ಗಂಡನ ತಾತನನ್ನಾದರೂ ಹೆಂಡತಿಯಾದವಳು ನಂಬಬೇಡವೇ? ಯೊಕೊಹಾಮಾದ ಗಲ್ಲಿಯೊಂದರಲ್ಲಿ ಪುಟ್ಟ ಬಾರ್ ನಡೆಸುವ ಕಿಕುಜಿಯ ಅಳಲು ಇದು. ಆ ಬಾರಿಗೆ ಹೆಸರು ತಂದದ್ದು ‘ಬಂದರಿನ ಸಂಜೆ’ ಎಂಬ ಕೆಂಪು ಕಾಕ್‌ಟೇಲ್. ಪ್ರೇಮದಲ್ಲಿ ನೊಂದ ಹಡಗಿನ ಕಪ್ತಾನನೊಬ್ಬನಿಗಾಗಿ ತನ್ನ ತಾತ ಅದನ್ನು ಸೃಷ್ಟಿಸಿದನೆಂದು ಕಿಕುಜಿ ಬಂದವರಿಗೆಲ್ಲ ಹೇಳುತ್ತಿದ್ದ. ಕಥೆ ಶುರುವಾದೊಡನೆ ಹೆಂಡತಿ ತಮಾಯೆ ಒಳಗೆ ಪಾತ್ರೆಗಳನ್ನು ಕುಕ್ಕುತ್ತಿದ್ದಳು.

ಈಗ ಪಾತ್ರೆ ಕುಕ್ಕುವ ಕಾಲವಲ್ಲ. ಆ ಕಾಕ್‌ಟೇಲ್ ಹುಟ್ಟಿದ್ದು ತನ್ನ ಬಾರಿನಲ್ಲೇ ಎಂದು ಎದುರಿನ ಬಾರಿನ ಅಕುತ್ಸು ತಕರಾರು ತೆಗೆದಿದ್ದ. ಬಾರ್ ಸಂಘದ ಅಧ್ಯಕ್ಷರಾದ ನೆಜು ಅವರು ಇಂದು ಸಂಜೆ ಖುದ್ದಾಗಿ ಬಂದು, ರುಚಿ ನೋಡಿ, ಕಥೆ ಕೇಳಿ ತೀರ್ಪು ಕೊಡುವವರಿದ್ದರು. ಗೆದ್ದವರ ಬಾಗಿಲಿಗೆ ‘ಜನ್ಮಸ್ಥಳ’ ಎಂಬ ಹಿತ್ತಾಳೆಯ ಫಲಕ. ಸೋತವರು ಆ ಹೆಸರನ್ನೇ ಬಿಡಬೇಕು. ಹೆಸರು ಹೋದರೆ ಬಾರಿಗೆ ಬೀಗವೇ ಗತಿ.

“ಇವತ್ತು ಕಪ್ತಾನ ಯಾವ ದೇಶದವ್ನು?” ತಮಾಯೆ ಲೋಟ ಒರೆಸುತ್ತ ಕೇಳಿದಳು.

“ನಾರ್ವೆ.”

“ಮೊನ್ನೆ ರಷ್ಯಾದವ್ನಾಗಿದ್ದ. ಪಾಪ, ಎಷ್ಟು ದೇಶ ಅಂತ ಬದಲಾಯಿಸ್ತಾನೆ! ಸುಮ್ನೆ ನಿಜ ಹೇಳ್ಬಿಡ್ರೀ.”

“ನಿಜಕ್ಕೆ ಯಾರೇ ಫಲಕ ಕೊಡ್ತಾರೆ? ನೀನು ಬಾಯಿ ಮುಚ್ಕೊಂಡಿರು, ಅಷ್ಟು ಸಾಕು.”

ನೆಜು ಬರುವಷ್ಟರಲ್ಲಿ ಕಾಯಂ ಗಿರಾಕಿಗಳೂ ಹಾಜರಾಗಿದ್ದರು. ಹೆಸರಿನ ಚೀಟಿ ಕಟ್ಟಿದ ತಮ್ಮ ಬಾಟಲಿಗಳನ್ನು ಈ ಬಾರಿನ ಕಪಾಟಿನಲ್ಲೇ ಇಟ್ಟುಕೊಂಡವರು ಅವರು. ಬಾರಿನ ಮಾನ ತಮ್ಮ ಮಾನವೆಂದು, ಯಾರೂ ಕರೆಯದಿದ್ದರೂ ಸಾಕ್ಷಿ ಹೇಳಲು ಬಂದಿದ್ದರು. (ಶತ್ರುಗಳಿಂದ ಹೇಗೋ ಪಾರಾಗಬಹುದು, ಇಂಥ ಮಿತ್ರರಿಂದ ಕಷ್ಟ.)

ನೆಜು ಒಂದು ಗುಟುಕು ಹೀರಿ ಕಣ್ಣು ಮುಚ್ಚಿದರು. “ಹ್ಞೂಂ, ಹೇಳಿ.”

“ಆ ಕಾಲದಲ್ಲಿ ನಾರ್ವೆ ದೇಶದ ಕಪ್ತಾನನೊಬ್ಬ...”

“ನಿಜ ಸಾರ್!” ತೋಫು ಅಂಗಡಿಯ ಹಿಗುರೆ ಎದ್ದುನಿಂತ. “ರಷ್ಯಾದ ಕಪ್ತಾನ! ಒಂದೇ ಕಣ್ಣು!”

“ರಷ್ಯಾ ಅಲ್ರೀ, ಪೋರ್ಚುಗಲ್!” ಎಂದರು ರೈಲ್ವೆಯಿಂದ ನಿವೃತ್ತರಾದ ಮುಕಾಯಿ. “ಕಣ್ಣು ಎರಡೂ ಚೆನ್ನಾಗಿತ್ತು, ಕಾಲು ಇರ್ಲಿಲ್ಲ. ಕಿಕುಜಿ ಮಾಸ್ಟರ್ ನಂಗೇ ಖುದ್ದಾಗಿ ಹೇಳಿದ್ದು!”

ಕಪ್ತಾನನ ಅಂಗಾಂಗಗಳ ಬಗ್ಗೆ ಘನಘೋರ ಚರ್ಚೆ ಎದ್ದಿತು. ನೆಜು ಲೋಟ ಕೆಳಗಿಟ್ಟರು. “ಅಮ್ಮಾ, ನೀವು ಹೇಳಿ,” ಎಂದು ಅವರು ತಮಾಯೆಯ ಕಡೆ ತಿರುಗಿದರು.

ಕಿಕುಜಿ ಕಣ್ಣಲ್ಲೇ ಕೈಮುಗಿದ. ಬೆವರುತ್ತಿದ್ದ ಗಂಡನನ್ನು ನೋಡಿ ತಮಾಯೆಗೆ ಅಯ್ಯೋ ಅನಿಸಿತು. ಆದರೆ ಸಿಟ್ಟು ಅದಕ್ಕಿಂತ ಹಳೆಯದು.

“ತಾತನೂ ಇಲ್ಲ, ಕಪ್ತಾನನೂ ಇಲ್ಲ. ನನ್ನ ಹುಟ್ಟಿದಹಬ್ಬ ಮರ್ತು ಇವ್ರು ಮೀನು ಹಿಡಿಯೋಕೆ ಹೋಗಿದ್ರು. ಬಾರಲ್ಲಿ ನಾನೊಬ್ಳೇ. ಯಾರೋ ಜಿನ್‌ಗೆ ನಿಂಬೆಹಣ್ಣು ಹಿಂಡಿ ಕೊಡಿ ಅಂದ್ರು. ಕೋಪದಲ್ಲಿ ಕಣ್ಣು ಕಾಣ್ಲಿಲ್ಲ, ನಮ್ಮಮ್ಮ ಕಳ್ಸಿದ್ದ ಉಮೆ ಹುಳಿಹಣ್ಣಿನ ಉಪ್ಪಿನಕಾಯಿಯ ಕೆಂಪು ನೀರು ಸುರಿದ್ಬಿಟ್ಟೆ. ಆ ಮನುಷ್ಯ ಕುಡಿದು, ಇನ್ನೊಂದು ಕೊಡಿ ಅಂದ.”

ಕಿಕುಜಿ ಲೋಟಗಳನ್ನು ಎತ್ತಿಡತೊಡಗಿದ. ಎಲ್ಲ ಮುಗಿಯಿತು ಎಂದುಕೊಂಡ.

ನೆಜು ಮತ್ತೊಂದು ಗುಟುಕು ಹೀರಿ ಚಪ್ಪರಿಸಿದರು. “ಹೌದು, ಉಪ್ಪಿನಕಾಯಿ ನೀರೇ! ನೋಡಿ, ಕಾಕ್‌ಟೇಲ್ ಹುಟ್ಟಿನ ಕಥೆ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಎಲ್ಲದ್ರಲ್ಲೂ ಒಬ್ಬ ಕಪ್ತಾನ, ಇಲ್ದಿದ್ರೆ ರಾಜಕುಮಾರ. ಅಕುತ್ಸು ಕಥೇಲೂ ರಾಜಕುಮಾರನೇ. ಗಂಡನ ಮೇಲಿನ ಸಿಟ್ಟಿಗೆ ಹುಟ್ಟಿದ್ದು ಇದೊಂದೇ. ಇದನ್ನ ನಂಬ್ತೀನಿ.”

ಫಲಕ ಬಂತು: ‘ಜನ್ಮಸ್ಥಳ. ಸೃಷ್ಟಿಕರ್ತೆ: ತಮಾಯೆ.’ ಗಿರಾಕಿಗಳೂ ಹಿಂಡುಹಿಂಡಾಗಿ ಬಂದರು. ಈಗ ಕಥೆ ಹೇಳುವವಳು ತಮಾಯೆ, ಲೋಟ ತೊಳೆಯುವವನು ಕಿಕುಜಿ. ಮೊದಮೊದಲು ಅವಳ ಕಥೆಯಲ್ಲಿ ಗಂಡ ಮೀನು ಹಿಡಿಯಲಷ್ಟೇ ಹೋಗಿದ್ದ. ಆಮೇಲೆ ಜೂಜಿಗೆ ಹೋದ. ನಿನ್ನೆಯ ಹೊತ್ತಿಗೆ ಹೆಂಡತಿಯ ಮದುವೆಯ ಕಿಮೋನೊ ಮಾರಿಕೊಂಡು, ಹಾಡುವವಳೊಬ್ಬಳ ಜೊತೆ ಬಿಸಿನೀರಿನ ಬುಗ್ಗೆಗೆ ಹೋಗಿದ್ದ.

ಕಿಕುಜಿಗೆ ತಡೆಯಲಾಗಲಿಲ್ಲ. “ನಾನು ಹೋಗಿದ್ದು ಬರೀ ಮೀನು ಹಿಡಿಯೋಕೆ ಕಣ್ರೀ!” ಎಂದು ಒದ್ದೆ ಕೈಯಲ್ಲೇ ಓಡಿಬಂದ.

ಕಣ್ಣೊರೆಸಿಕೊಳ್ಳುತ್ತ ಕೇಳುತ್ತಿದ್ದ ಮುಕಾಯಿ ಅವನನ್ನು ದುರುಗುಟ್ಟಿಕೊಂಡು ನೋಡಿದರು.

“ಮಾಸ್ಟರ್, ಇತಿಹಾಸ ತಿರುಚ್ಬೇಡಿ.”