ಫ್ಲೆಕ್ಸಿಗೊಂದು ನಗು

“ಸಾಮ್ರಾಜ್ಯಗಳ ಏಳುಬೀಳು ಪಾಠ ಮಾಡಾವ ನಾನು. ನನಗ ಈ ಡಬ್ಬಿ ಯಾವ ಲೆಕ್ಕ?”

ಇತಿಹಾಸದ ಉಪನ್ಯಾಸಕ ಬಸವಕುಮಾರರು ಬನಿಯನ್ನಿನಲ್ಲೇ ಕಂಪ್ಯೂಟರಿನ ಮುಂದೆ ನಿಂತು ಹೀಗೆ ಸಾರಿದಾಗ ಹೆಂಡತಿ ಶೈಲಜಾ ರೊಟ್ಟಿ ಬಡಿಯುತ್ತಿದ್ದಳು. “ಮಲ್ಲೇಶನ್ನ ಕರೀರಿ. ಅಂವ ಅದ್ನ ಕಲ್ತಾನ,” ಎಂದಳು.

“ಮಲ್ಲೇಶ್ಯಾನ? ನನ್ನ ಕ್ಲಾಸಿನ್ಯಾಗ ಕೃಷ್ಣದೇವರಾಯನ ರಾಜಧಾನಿ ಬೆಳಗಾವಿ ಅಂತ ಬರದಾನ ಅಂವ!”

ಆತುರಕ್ಕೆ ಕಾರಣವಿತ್ತು. ಅವರ ಜೀವದ ಗೆಳೆಯ ಕನಕರಾಜ್ ತೀರಿಕೊಂಡು ನಾಳೆಗೆ ವರ್ಷ. ಅದಿರಿನ ದುಡ್ಡು ಹರಿದಾಡುತ್ತಿದ್ದ ಆ ದಿನಗಳ ಹೊಸಪೇಟೆಯಲ್ಲಿ ಫ್ಲೆಕ್ಸ್ ಇಲ್ಲದೆ ಹುಟ್ಟುವುದೇ ಕಷ್ಟ, ಸಾಯುವುದಂತೂ ಸಾಧ್ಯವೇ ಇರಲಿಲ್ಲ! ಕನಕರಾಜನ ಹೆಂಡತಿ ಸುಕನ್ಯಾ ಬಂದು ಕೇಳಿಕೊಂಡಿದ್ದಳು: “ಅಣ್ಣಾರ, ನಮ್ಮನ್ಯಾಗ ಇರೋದು ವೋಟಿನ ಕಾರ್ಡಿನ ಫೋಟೋ ಒಂದ. ಅದರಾಗ ಕೋಳಿ ಕದ್ದು ಸಿಕ್ಕಿಬಿದ್ದೋರಂಗ ಅದಾರ. ನಿಮ್ಮ ಕಂಪ್ಯೂಟರಿನ್ಯಾಗ ನಗೋದೊಂದು ಐತೆಲ್ಲ, ಅದನ್ನ ಹಾಕಸ್ರಿ.”

ಫ್ಲೆಕ್ಸಿನವನು ಫೋಟೋ ಪೆನ್‌ಡ್ರೈವಿನಲ್ಲಿ ತನ್ನಿ ಎಂದಿದ್ದ. ಕಂಪ್ಯೂಟರಿನ ಹಳೆಯ ಆಪರೇಟಿಂಗ್ ಸಿಸ್ಟಂ ಪೆನ್‌ಡ್ರೈವನ್ನು ಬೀಗರ ಮನೆಯ ಬಡ ನೆಂಟನಂತೆ ಗುರುತೇ ಹಿಡಿಯಲಿಲ್ಲ. ಹಾಗಾದರೆ ಹೊಸ ಸಿಸ್ಟಂ! ಸಿ.ಡಿ. ತಂದರು, ಹಾಕಿದರು. ಪರದೆಯ ಮೇಲೆ ಹಸಿರು ಪಟ್ಟಿ ಗಂಭೀರವಾಗಿ ತೆವಳತೊಡಗಿತು.

ಅಷ್ಟರಲ್ಲಿ ಚಿತ್ತವಾಡ್ಗಿ ಬಡಾವಣೆಯ ಅವರ ಬೀದಿಗೆ ಅದಿರಿನ ಲಾರಿಗಳು ನುಗ್ಗಿದವು. ಆ ಕೆಂಪು ಧೂಳಿಗೆ ಹೆದರಿಯೇ ಕನಕರಾಜ್ ಒಂದು ಉಪಾಯ ಹೂಡಿದ್ದ. ಕೆಟ್ಟುಹೋದ ಫ್ಲಾಪಿಯೊಂದನ್ನು, ಆ ಕರಿ ಚೌಕ ಡಿಸ್ಕನ್ನು, ಕಂಪ್ಯೂಟರಿನಲ್ಲಿದ್ದ ಅದರ ಕಿಂಡಿಗೇ ಮುಚ್ಚಳವಾಗಿ ತುರುಕಿಟ್ಟಿದ್ದ. ಕಂಪ್ಯೂಟರ್ ಹಚ್ಚುವ ಮುಂಚೆ ತೆಗೆಯುವುದು, ಆರಿಸಿದ ಮೇಲೆ ತುರುಕುವುದು, ಆ ಮನೆಯ ಪದ್ಧತಿ. ಲಾರಿಯ ಸದ್ದಿಗೆ ಬಸವಕುಮಾರರು ಹಾರಿ ಕಿಟಕಿ ಮುಚ್ಚಿದರು, ಪಕ್ಕದಲ್ಲಿದ್ದ ಫ್ಲಾಪಿಯನ್ನು ಕಿಂಡಿಗೆ ತುರುಕಿದರು, ಲಾರಿ ಮಾಲೀಕರ ವಂಶವನ್ನೆಲ್ಲ ಬೈದು ಊಟಕ್ಕೆ ಕುಳಿತರು.

ಉಂಡು ಬಂದರೆ ಪರದೆ ಕಪ್ಪಾಗಿದೆ! ಕಂಪ್ಯೂಟರ್ ತಾನಾಗಿ ಆರಿ, ಮತ್ತೆ ಹೊತ್ತಿಕೊಳ್ಳಲು ಹೋಗಿ, ನಡುವೆ ಹಟ ಹಿಡಿದು ನಿಂತಿದೆ. ಡಿಸ್ಕ್ ಸರಿಯಿಲ್ಲವಂತೆ, ಬದಲಿಸಿ ಯಾವುದಾದರೂ ಕೀಲಿ ಒತ್ತಬೇಕಂತೆ.

“ಸರಿಯಿಲ್ಲಂತ! ನನ್ನ ಮನ್ಯಾಗ, ನನ್ನ ಕರೆಂಟು ಉಂಡು, ನನಗ ಹೇಳ್ತೈತಿ!”

ಒತ್ತಿದರು. ಎಲ್ಲ ಕೀಲಿ ಒತ್ತಿದರು. ಸಿ.ಡಿ. ತೆಗೆದು ಪಂಚೆಗೆ ಉಜ್ಜಿ ಮತ್ತೆ ಹಾಕಿದರು. ಕೊನೆಗೆ ಡಬ್ಬಿಯ ನೆತ್ತಿಗೆ ಒಂದು ಕೊಟ್ಟರು. ಅದೇ ಮಾತು, ಅದೇ ಸೊಕ್ಕು!

ಶೈಲಜಾ ಸೆರಗಿಗೆ ಕೈ ಒರೆಸುತ್ತ ಬಂದಳು. “ಹಂಪಿ ಹಾಳು ಮಾಡಾಕ ಅಷ್ಟು ದೊಡ್ಡ ಸೈನ್ಯಕ್ಕ ತಿಂಗಳುಗಟ್ಟಲೆ ಹಿಡೀತು ಅಂತಿದ್ರಿ. ನೀವೊಬ್ರ ಮಧ್ಯಾಹ್ನದೊಳಗ ಮುಗಿಸಿದ್ರಲ್ರಿ!”

ಮಾನ ಬಿಟ್ಟು ಮಲ್ಲೇಶನಿಗೇ ಫೋನ್ ಮಾಡಿದರು.

“ಸರ, ನಾ ಸಂಡೂರಾಗ ಅದೀನ್ರಿ. ಮೈನಿಂಗ್ ಆಫೀಸಿಗೆ ಕಂಪ್ಯೂಟರ್ ಕುಂದ್ರಸಾಕತ್ತೀನಿ. ನಾಡಿದ್ದು ಬರ್ತೀನ್ರಿ.”

“ನಾಡಿದ್ದು ಬಂದು ಏನ್ ಮಾಡ್ತೀಲೇ? ನಾಳೆ ಐತಿ ಅವನ ದಿನ!”

“ಹಾರ್ಡ್ ಡಿಸ್ಕ ಹೋಗಿರಬೇಕ್ರಿ ಸರ. ಹೋದ್ರ ಒಳಗಿಂದೆಲ್ಲ ಹೋತು.”

ಬಸವಕುಮಾರರು ಫೋನ್ ಇಟ್ಟರು. ಬೈಯಲು ಲಾರಿಯಿತ್ತು, ಸಂಡೂರಿತ್ತು, ಇಡೀ ಗಣಿ ದಂಧೆಯೇ ಇತ್ತು. ಆದರೂ ಕುರ್ಚಿ ಎಳೆದುಕೊಂಡು ಕಪ್ಪು ಪರದೆಯ ಮುಂದೆ ಕುಳಿತುಬಿಟ್ಟರು. ಕನಕರಾಜನನ್ನು ಒಮ್ಮೆ ಮಣ್ಣು ಮಾಡಿ ಬಂದಿದ್ದರು. ಈಗ ಅವನ ನಗುವನ್ನು ತಮ್ಮ ಕೈಯಾರೆ ಮಣ್ಣು ಮಾಡಿದಂತಾಯಿತು.

ಅವರ ಮುಖ ನೋಡಿ ಶೈಲಜಾ ಮೆತ್ತಗೆ ಕೇಳಿದಳು: “ಮುಚ್ಚಳ ತಗದೀರೇನ್ರಿ?”

“ಯಾವ ಮುಚ್ಚಳ?”

“ಫ್ಲಾಪಿರಿ! ಕನಕಣ್ಣ ಬಂದಾಗೊಮ್ಮೆ ಬಡ್ಕೊಂತಿದ್ದನಲ್ಲ, ‘ಲೇ ಬಸ್ಯಾ, ಅದು ಒಳಗಿದ್ರ ಮಷಿನ್ನು ಮೊದಲು ಅದನ್ನ ಓದಾಕ ಹೋಕ್ಕೈತಿ, ಹಿಂಗ ಸತ್ತಂಗ ನಿಂದರ್ತೈತಿ’ ಅಂತ.”

“ಹಚ್ಚಿದ ಕಂಪ್ಯೂಟರಿಗೆ ಮುಚ್ಚಳ ತುರುಕಿದ ಮೂರ್ಖ ಯಾವನದು?” ಬಸವಕುಮಾರರು ಗರ್ಜಿಸಿದರು.

ಶೈಲಜಾ ಕಿಟಕಿ ನೋಡಿದಳು, ಕಿಂಡಿ ನೋಡಿದಳು, ಗಂಡನನ್ನು ನೋಡಿದಳು. ಬಸವಕುಮಾರರು ಬಾಗಿ ಕಿಂಡಿಗೆ ಕೈಹಾಕಿದರು.

ಫ್ಲಾಪಿ ಎಳೆದು ಒಂದು ಕೀಲಿ ಒತ್ತಿದರು. ಡಬ್ಬಿ ಗುರ್ ಎಂದು ಎದ್ದಿತು! ಸಂಜೆಯೊಳಗೆ ಹೊಸ ಸಿಸ್ಟಂ ಕುಳಿತು, ಪೆನ್‌ಡ್ರೈವಿನ ಗುರುತು ಹಿಡಿಯಿತು. ಫೋಟೋ ತೆರೆದರು. ಅವರಿಗೆ ನೆನಪಿದ್ದದ್ದು ನಗು ಮಾತ್ರ. ಕಂಪ್ಯೂಟರ್ ತಂದ ದಿನ, ಅವನು ಮುಚ್ಚಳದ ಉಪಾಯ ಹೇಳಿಕೊಡುವಾಗ ತೆಗೆದ ಫೋಟೋ ಅದು. ಕನಕರಾಜ್ ಹಲ್ಲೆಲ್ಲ ಕಾಣುವಂತೆ ನಗುತ್ತ ಆ ಕೆಟ್ಟ ಫ್ಲಾಪಿಯನ್ನೇ ಮುಂದಕ್ಕೆ ಹಿಡಿದಿದ್ದ, ನೆಟ್ಟಗೆ ಇವರ ಮೂಗಿಗೇ.

ಫ್ಲೆಕ್ಸ್ ಅಂಗಡಿಯ ಎರ್ರಿಯಪ್ಪ ಫೋಟೋ ನೋಡಿ ತಲೆ ಕೆರೆದುಕೊಂಡ. “ಸರ, ಕೈಯಾಗ ಇದೇನ್ರಿ, ಕರ್ರಗ, ಚೌಕಾಗಿ? ಇದನ್ನ ಅಳಿಸಿ ಗುಲಾಬಿ ಹೂವು ಕೂಡಿಸ್ಲೇನ್ರಿ? ಮಸ್ತ್ ಕಾಣ್ತೈತಿ.”

“ಬ್ಯಾಡಪ್ಪ,” ಎಂದರು ಬಸವಕುಮಾರರು. “ಅದು ನನ್ನ ಬುದ್ಧಿ. ಅವನ ಕೈಯಾಗ ಇರ್ಲಿ.”